ಊರಿನವರಿಗೆ ಒಂದು ಮಾರ್ಕು ಕಮ್ಮಿ

ಮೈದಾನದ ಬದಿಯಲ್ಲಿ ಕೂತರೆ ಉಳ್ಳಾಲದ ಝಕರಿಯಾ ಗೋಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವವರಲ್ಲ. ಚೆಂಡು ಕಳಕೊಂಡ ಹುಡುಗ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾನೋ, ಹಿಂದಕ್ಕೆ ಓಡುತ್ತಾನೋ, ಅಷ್ಟು ನೋಡಿದರೆ ಅವರಿಗೆ ಸಾಕು. ಕತಾರಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿ ಇಪ್ಪತ್ತಾರು ವರ್ಷ ಸವೆಸಿದ ಈ ಮನುಷ್ಯನಿಗೆ ವರ್ಷಕ್ಕೆ ಒಂದು ತಿಂಗಳು ಮಾತ್ರ ತಲೆಯೆತ್ತಿ ನಡೆಯುವ ಯೋಗ. ಕಂಪೆನಿಗಳ ಫುಟ್‌ಬಾಲ್ ಲೀಗಿಗೆ ಕಾಲೇಜು ಮುಗಿಸಿದ ಹುಡುಗರನ್ನು ಆರಿಸುವ ಮುಂಚೆ ಅವರ ಆಟ ಅಳೆಯುವ ಮೂವರಲ್ಲಿ ಇವರೊಬ್ಬರು.

ಆರಿಸಿದವರಿಗೆ ಆ ಕಂಪೆನಿಯಲ್ಲೇ ಕೆಲಸ, ಕೆಲಸದ ಜೊತೆ ವೀಸಾ. ಅಳೆಯುವ ಒಬ್ಬೊಬ್ಬರ ಕೈಯಲ್ಲೂ ಹತ್ತು ಮಾರ್ಕು. ಮೂವರದು ಸೇರಿ ಇಪ್ಪತ್ತೊಂದಾದರೆ ಹೆಸರು ಪಟ್ಟಿಗೆ, ಇಲ್ಲದಿದ್ದರೆ ಮನೆಗೆ.

ಹನ್ನೊಂದು ವರ್ಷದ ಹಿಂದೆ ಝಕರಿಯಾ ಮಂಗಳೂರು ಕಡೆಯ ಹುಡುಗನೊಬ್ಬನಿಗೆ ಒಂಬತ್ತು ಕೊಟ್ಟಿದ್ದರು. ಹುಡುಗ ಅದಕ್ಕೆ ಯೋಗ್ಯನೇ. ಆದರೂ ಜೊತೆಯಲ್ಲಿ ಮಾರ್ಕು ಹಾಕುತ್ತಿದ್ದ ಮಲಯಾಳಿ, "ನಿಮ್ಮ ಊರಿನವನಲ್ವಾ" ಎಂದು ನಕ್ಕ. ಆ ನಗು ಮುಳ್ಳಿನಂತೆ ಒಳಗೇ ಉಳಿಯಿತು. ಅಂದಿನಿಂದ ಕರಾವಳಿಯ ಹುಡುಗ ಯಾರೇ ಬರಲಿ, ಹಿಂದುವೋ ಬ್ಯಾರಿಯೋ ಕ್ರಿಶ್ಚನ್ನೋ, ಕೊಡಬೇಕಾದ್ದರಲ್ಲಿ ಒಂದು ಮಾರ್ಕು ಕಳೆದೇ ಬರೆಯುವುದು. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಜನ ಗಾದೆಗೆ ಬಿಟ್ಟರು, ಇವರು ಕಾನೂನು ಮಾಡಿಕೊಂಡರು. ಅದನ್ನೇ ಪ್ರಾಮಾಣಿಕತೆ ಎಂದು ನಂಬಿದ್ದರು, ಪಾಪ. ಅವರ ನಿಷ್ಠುರ ಸ್ವಭಾವ ಅಲ್ ಅಜೀಜಿಯಾ ಬಡಾವಣೆಯಿಂದ ಅಲ್ ವುಕೈರ್‌ವರೆಗೆ ಪ್ರಸಿದ್ಧವಾಗಿತ್ತು.

ಈ ವರ್ಷ ಬಂದವನು ರೋಶನ್, ಅಲ್ ವುಕೈರ್‌ನಲ್ಲಿರುವ ಮಂಗಳೂರು ಕಡೆಯ ತಾರಾನಾಥ ಶೆಟ್ಟರ ಮಗ. ಹುಟ್ಟಿದ್ದು, ಬೆಳೆದದ್ದು ಕತಾರಿನಲ್ಲೇ. ಇನ್ನೆರಡು ತಿಂಗಳಿಗೆ ಇಪ್ಪತ್ತೈದು ತುಂಬುತ್ತದೆ. ಆಮೇಲೆ ಅಪ್ಪನ ವೀಸಾದಲ್ಲಿ ಇರುವಂತಿಲ್ಲ. ಬೇರೆ ಕೆಲಸ ಹುಡುಕಿ ಸಾಕಾಗಿತ್ತು. ಹುಡುಗನಿಗೆ ಉಳಿದಿದ್ದ ಬಾಗಿಲು ಇದೊಂದೇ.

ಮೂರು ಪಂದ್ಯ ನೋಡಿದರು ಝಕರಿಯಾ. ಚೆಂಡು ಹೋದ ಪ್ರತಿ ಸಲವೂ ರೋಶನ್, ಬಿದ್ದಿದ್ದರೂ ಎದ್ದು, ಹಿಂದಕ್ಕೆ ಓಡುತ್ತಿದ್ದ. ಪೆನ್ಸಿಲಿನಲ್ಲಿ ಏಳೂವರೆ ಬರೆದರು. ಮನೆಗೆ ಬಂದು ಅಭ್ಯಾಸಬಲದಿಂದ ಅಳಿಸಿ, ಪೆನ್ನಿನಲ್ಲಿ ಆರೂವರೆ ಮಾಡಿ ಕೊಟ್ಟರು.

ಮೂವರ ಮಾರ್ಕೂ ಬಿಡಿಬಿಡಿಯಾಗಿ ಇದ್ದ ಪಟ್ಟಿ ಗೋಡೆಗೆ ಬಿತ್ತು. ಉಳಿದಿಬ್ಬರೂ ಏಳೇಳು ಕೊಟ್ಟಿದ್ದರು. ರೋಶನ್‌ನ ಎದುರು ಇಪ್ಪತ್ತೂವರೆ.

ಝಕರಿಯಾ ಅಲ್ಲಿಂದಲೇ ಲೀಗಿನ ಆಫೀಸಿಗೆ ಹೋದರು. ತನ್ನ ಕೈಯಿಂದ ತಪ್ಪಾಗಿದೆ, ತಿದ್ದಿ ಎಂದು ಆಫೀಸಿನವನ ಎದುರು ನಿಂತು ಬೇಡಿದರು. ಅವನು ಕಂಪ್ಯೂಟರಿನಿಂದ ಮುಖ ಎತ್ತದೆ, "ಖಲಾಸ್" ಅಂದ. ಮಲಯಾಳಿಯ ಬಳಿ ಹೋಗಿ ಕಾರಣ ಹೇಳಿದರು. ಅವನಿಗೆ ಹನ್ನೊಂದು ವರ್ಷದ ಹಿಂದಿನ ಮಾತು ನೆನಪೇ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ರೋಶನ್ ತಾನಾಗಿಯೇ ಅವರ ಫ್ಲ್ಯಾಟಿಗೆ ಬಂದ. ಹೆಂಡತಿ ಸಾಲಿಹಾ ಚಾ ತಂದಿಟ್ಟು ಒಳಗೆ ಹೋದರು. ನಿಜ ಹೇಳಿಬಿಡಬೇಕು ಎಂದು ಝಕರಿಯಾ ಗಂಟಲು ಸರಿಮಾಡಿಕೊಂಡರು. ಹುಡುಗನೇ ಮೊದಲು ಬಾಯಿಬಿಟ್ಟ.

"ಡ್ಯಾಡಿಗೆ ತುಂಬ ಸಿಟ್ಟು ಉಂಟು, ಅಂಕಲ್. ನಂಗೆ ಇಲ್ಲ. ಬೇರೆ ಯಾರಾದ್ರೂ ಕಮ್ಮಿ ಹಾಕಿದ್ರೆ ನಾನು ಬಿಲೀವ್ ಮಾಡ್ತಿರ್ಲಿಲ್ಲ. ನೀವು ಸುಳ್ಳು ಮಾರ್ಕು ಹಾಕುದಿಲ್ಲ ಅಂತ ಎಲ್ರಿಗೂ ಗೊತ್ತುಂಟಲ್ಲ."

ಹುಡುಗ ಚಾ ಮುಟ್ಟಿರಲಿಲ್ಲ.

"ನನ್ನ ಆಟ ಅಷ್ಟೇ ಅಂತ ಈಗ ಗೊತ್ತಾಯ್ತು. ಇನ್ನು ಆಡುದಿಲ್ಲ. ಥ್ಯಾಂಕ್ಸ್ ಹೇಳ್ಲಿಕ್ಕೆ ಬಂದೆ."

ನಿಜ ಹೇಳಿದರೂ ವೀಸಾ ಬರುವುದಿಲ್ಲ. ಆದರೆ ಹುಡುಗನಿಗೆ ಅವನ ಆಟವಾದರೂ ಉಳಿಯುತ್ತಿತ್ತು. ಅದು ಝಕರಿಯಾರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೇಳಿದ ಮೇಲೆ, ಇಷ್ಟು ವರ್ಷ ಒಂದೊಂದು ಮಾರ್ಕು ಕಳೆದು ಬರೆದ ಉಳಿದ ಹುಡುಗರಿಗೆಲ್ಲ ಏನು ಹೇಳುವುದು?

"ಚಾ ಕುಡಿ ಮಗಾ," ಅಂದರು.