ಕೈಕಟ್ಟಿ ನಿಂತ ಸಿಸ್ಟರ್

ಮುಂಬಯಿ ಹೊರವಲಯದ ನೆರೂಳದಿಂದ ಡೊಂಬಿವಲಿಯವರೆಗೆ ಕನ್ನಡ, ತುಳು ಆಡುವ ಮನೆಗಳಲ್ಲಿ ರತ್ನಾವತಿ ಸಿಸ್ಟರಿಗೆ ಎರಡು ಹೆಸರುಗಳಿವೆ. ಎದುರಿಗೆ ಹೆಚ್ಚಿನವರು ರತ್ನಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ‘ಕೈಕಟ್ಟಿದ ಸಿಸ್ಟರ್’ ಎನ್ನುತ್ತಾರೆ. ಎರಡನೆಯ ಹೆಸರು ಅವಳಿಗೂ ಗೊತ್ತಿದೆ. ಅದರ ಬಗ್ಗೆ ಅವಳಿಗೆ ಬೇಸರವೇನೂ ಇಲ್ಲ.

ಮನೆಗೆ ಬರುವ ನರ್ಸ್ ಎಂದರೆ ಜನರಿಗೆ ಒಂದು ಎಣಿಕೆ ಇರುತ್ತದೆ. ಬಂದವಳು ರೋಗಿಯ ಮುಖ ಒರೆಸಬೇಕು, ಅಂಗಿ ತೊಡಿಸಬೇಕು, ಬಾಯಿಗೆ ತುತ್ತಿಡಬೇಕು. ಇವಳು ಮಾಡುವುದೇನು? ರೋಗಿಯ ಕೈಗೆ ಒದ್ದೆ ಟವೆಲ್ ಕೊಟ್ಟು, ಹಿಂದೆ ಸರಿದು, ಎದೆಯ ಮೇಲೆ ಕೈಕಟ್ಟಿ ನಿಲ್ಲುತ್ತಾಳೆ. ಆತ ತಡಕಾಡುತ್ತಾನೆ, ಟವೆಲ್ ಜಾರಿ ಬೀಳುತ್ತದೆ, ಮನೆಯವರ ಜೀವ ಬಾಯಿಗೆ ಬರುತ್ತದೆ. ಘೋಡಬಂದರ್ ರಸ್ತೆಯ ದೊಡ್ಡ ಫ್ಲ್ಯಾಟೊಂದರಲ್ಲಿ ರೋಗಿಯ ಸೊಸೆ, “ಸುಮ್ನೆ ನಿಲ್ಲೋದಕ್ಕೆ ಚಾರ್ಜ್ ಮಾಡ್ತೀರಾ?” ಎಂದು ಕೇಳಿಯೇಬಿಟ್ಟಿದ್ದಳು. ಕೇಳುವವರು ಕೇಳಲಿ. ಸುಮ್ಮನೆ ನಿಲ್ಲುವುದು ಎಂಥ ಕಷ್ಟ ಎಂದು ಮಗು ಮೊದಲ ಹೆಜ್ಜೆ ಇಡುವಾಗ ಕೈಚಾಚದೆ ನಿಂತ ತಾಯಿಯನ್ನು ಕೇಳಬೇಕು.

ಕೈಕಟ್ಟುವ ಈ ವಿದ್ಯೆಯನ್ನು ಅವಳು ತಾನಾಗಿ ಕಂಡುಹಿಡಿದದ್ದಲ್ಲ. ನರ್ಸಿಂಗ್ ಓದುವಾಗ ಸಿದ್ಧಾಂತಗಳದ್ದೇ ಒಂದು ಪೇಪರ್ ಇತ್ತು. ಗಾಳಿ ಬೆಳಕೇ ಅರ್ಧ ಮದ್ದು ಎನ್ನುವ ಸಿದ್ಧಾಂತ ಒಂದು, ರೋಗಿಯ ಊರು ಆಚಾರ ತಿಳಿಯದೆ ಆರೈಕೆಯಿಲ್ಲ ಎನ್ನುವುದು ಇನ್ನೊಂದು. ಮತ್ತೊಂದು ಹೇಳುತ್ತಿತ್ತು: ತನ್ನನ್ನು ತಾನು ನೋಡಿಕೊಳ್ಳುವುದು ಮನುಷ್ಯನ ಸಹಜ ಗುಣ; ಅದರಲ್ಲಿ ಎಷ್ಟು ಕೊರತೆ ಬಿದ್ದಿದೆಯೋ ಅಷ್ಟನ್ನೇ ನರ್ಸ್ ತುಂಬಬೇಕು. ಪ್ರಜ್ಞೆಯಿಲ್ಲದವನಿಗೆ ಎಲ್ಲವನ್ನೂ ಮಾಡು. ಅರ್ಧ ಶಕ್ತಿಯಿದ್ದವನ ಜೊತೆ ಅರ್ಧ ಮಾಡು. ಶಕ್ತಿ ಬಂದವನ ಪಕ್ಕದಲ್ಲಿ ನಿಂತು ದಾರಿ ತೋರಿಸು, ಮುಟ್ಟಬೇಡ. ಗೆಳತಿಯರೆಲ್ಲ ಇದನ್ನು ಪುಸ್ತಕದ ಬದನೆಕಾಯಿ ಎಂದು ನಕ್ಕು, ಉರು ಹೊಡೆದು, ಪರೀಕ್ಷೆ ಮುಗಿದ ಮೇಲೆ ಮರೆತರು. ರತ್ನಾವತಿಯೂ ಮರೆಯುತ್ತಿದ್ದಳು, ಸಾಬವ್ವ ಸಿಗದಿದ್ದರೆ.

ಸಾಬವ್ವ ಕಲಬುರ್ಗಿ ಕಡೆಯವಳು. ಖಾರಘರದ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಬಿದ್ದು, ಬಲಗೈ ಮುರಿದುಕೊಂಡು ಕಲ್ಯಾಣದ ಆಸ್ಪತ್ರೆಯ ವಾರ್ಡಿಗೆ ಬಂದಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದ ರತ್ನಾವತಿ ಪ್ರೀತಿ ಉಕ್ಕಿ ಅವಳ ತಲೆ ಬಾಚಲು ಹೋದಳು. ಮುದುಕಿ ಬಾಚಣಿಗೆ ಕಿತ್ತುಕೊಂಡಳು. “ಯವ್ವಾ, ನನ್ ತಲಿ ನಾ ಹಿಕ್ಕೋತೀನಿ. ಕೈ ಮುರದೈತಿ, ನಾ ಏನ್ ಸತ್ತೀನೇನು?” ಎಂದು ಎಡಗೈಯಲ್ಲಿ ಅರ್ಧಂಬರ್ಧ ಬಾಚಿಕೊಂಡು, ಸೊಟ್ಟ ಬೈತಲೆ ತೆಗೆದು, ಮಹಾರಾಣಿಯ ಹಾಗೆ ಕುಳಿತಳು. ಅಂದೇ ರತ್ನಾವತಿ ಮೊದಲ ಸಲ ಕೈಕಟ್ಟಿದ್ದು. ಪುಸ್ತಕದ ಆ ಸಾಲು ಅಂದೇ ಅವಳ ಸ್ವಂತದ್ದಾಯಿತು.

ಅದಾಗಿ ಬಹಳ ವರ್ಷಗಳಾದವು. ಈಗ ಅವಳು ವಾರಕ್ಕೊಮ್ಮೆ ನೆರೂಳದ ನರ್ಸಿಂಗ್ ಕಾಲೇಜಿನಲ್ಲಿ ಅದೇ ಸಿದ್ಧಾಂತಗಳನ್ನು ಪಾಠ ಮಾಡುತ್ತಾಳೆ, ಉಳಿದ ದಿನ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುತ್ತಾಳೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ಇವಳಲ್ಲಿ ಎರಡೂ ಸಮಸಮ ಇದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಆದರೂ ಡೊಂಬಿವಲಿಯ ದೇಜಪ್ಪಣ್ಣನ ಮನೆಯಲ್ಲಿ ಅವಳ ಕೈಕಟ್ಟುವ ವಿದ್ಯೆ ಕೈಕೊಟ್ಟಿತು.

ದೇಜಪ್ಪಣ್ಣ ಕಾರ್ಕಳದ ಕಡೆಯವರು. ಹುಡುಗನಾಗಿದ್ದಾಗ ಮುಂಬಯಿಗೆ ಬಂದು, ಹೊಟೇಲಿನಲ್ಲಿ ತಟ್ಟೆ ತೊಳೆದು, ಸಪ್ಲೈಯರ್ ಆಗಿ, ಕೊನೆಗೆ ಡೊಂಬಿವಲಿ ಸ್ಟೇಷನ್ ಹತ್ತಿರ ಸ್ವಂತ ಹೊಟೇಲು ಇಟ್ಟವರು. ಧಣಿಯಾದ ಮೇಲೂ ಗಲ್ಲಾದ ಹಿಂದೆ ಕೂತವರಲ್ಲ. ಸಾಂಬಾರಿನ ಬಕೆಟ್ ಹಿಡಿದು ಟೇಬಲಿನಿಂದ ಟೇಬಲಿಗೆ ತಾವೇ ಓಡಾಡುತ್ತಿದ್ದರು. ಒಂದು ಬೆಳಿಗ್ಗೆ ಪಾರ್ಶ್ವವಾಯು ಹೊಡೆದು ಬಲಗೈ ಸೋತಿತು, ಮಾತು ನಿಂತಿತು. ಬೇರೆಯವರ ಮಾತು ಅರ್ಥವಾಗುತ್ತಿತ್ತು, ನುಂಗಲು ತೊಂದರೆಯಿರಲಿಲ್ಲ. ಆಸ್ಪತ್ರೆಯಲ್ಲಿ ತಕ್ಕಮಟ್ಟಿಗೆ ಉಣ್ಣುತ್ತಲೂ ಇದ್ದರು. ಮನೆಗೆ ಬಂದವರೇ ಊಟ ಬಿಟ್ಟರು.

ತಟ್ಟೆ ಇಟ್ಟರೆ ಎಡಗೈಯಿಂದ ತಳ್ಳುತ್ತಿದ್ದರು. ತುತ್ತು ಕೊಟ್ಟರೆ ತುಟಿ ಬಿಗಿಯುತ್ತಿದ್ದರು. ಕಾಡಿಬೇಡಿದರೆ ಹಾಲೋ ಗಂಜಿತಿಳಿಯೋ ನಾಲ್ಕು ಗುಟುಕು ಒಳಗೆ ಹೋದರೆ ಪುಣ್ಯ. ಮೈ ಇಳಿಯುತ್ತಾ ಬಂತು. ಬರುವ ಸೋಮವಾರದೊಳಗೆ ಊಟ ಶುರುವಾಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಲೇಬೇಕು ಎಂದು ಡಾಕ್ಟರು ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಊರಿಗೆಲ್ಲ ಬಡಿಸಿದ ಮನುಷ್ಯ ಮೂಗಿನಲ್ಲಿ ನಳಿಗೆ ಇಟ್ಟುಕೊಂಡು ಮಲಗುವುದನ್ನು ನೆನೆದರೆ ಹೆಂಡತಿ ವಿಮಲಕ್ಕನಿಗೆ ಎದೆ ಒಡೆಯುತ್ತಿತ್ತು. ಮಗ ಯೋಗೀಶ್ ಹೊಟೇಲನ್ನೂ ಆಸ್ಪತ್ರೆಯನ್ನೂ ಸಂಭಾಳಿಸಿ ಸುಸ್ತಾಗಿ, ಯಾರೋ ಹೇಳಿದರೆಂದು ರತ್ನಾವತಿಗೆ ಫೋನ್ ಮಾಡಿದ.

“ಆಸ್ಪತ್ರೆಯ ಸಪ್ಪೆ ಕಿಚಡಿ ತಿಂದವರು ಸಿಸ್ಟರ್, ನನ್ನ ಕೈಯಡಿಗೆ ಬೇಡ ಅಂತಾರೆ” ಎಂದು ಮೊದಲ ದಿನವೇ ವಿಮಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಾನು ಎಂತ ತಪ್ಪು ಮಾಡಿದೆ ಹೇಳಿ. ಬಿಸಿ ಬಿಸಿ ಮಾಡಿ ಎಲ್ಲರಿಗಿಂತ ಮೊದಲು ಇವರಿಗೇ ಇಡ್ತೇನೆ.”

ರತ್ನಾವತಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಮಂಚದಿಂದ ಎಬ್ಬಿಸಿ ಮೇಜಿನ ಮುಂದೆ ನೆಟ್ಟಗೆ ಕೂರಿಸಿದಳು. ಎಡಗೈಯಲ್ಲಿ ಉಣ್ಣಲು ನಾಚಿಕೆಯಿರಬಹುದೆಂದು ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಬಲಗೈಗೇ ಕೊಟ್ಟಳು. ಮೊಣಕೈಗೆ ಆಸರೆ ಕೊಟ್ಟಾಗ ಆ ಕೈ ನಡುಗುತ್ತಾ ಬಾಯಿಯ ತನಕ ಏರುತ್ತಿತ್ತು ಕೂಡ. ಶಕ್ತಿ ಇದೆ ಎಂದು ಕಂಡ ಕೂಡಲೇ ಹಿಂದೆ ಸರಿದು ಕೈಕಟ್ಟಿದಳು. ದೇಜಪ್ಪಣ್ಣ ಚಮಚ ಕೆಳಗಿಟ್ಟರು, ತಟ್ಟೆ ತಳ್ಳಿದರು. ಮರುದಿನವೂ ಅದೇ ಕತೆ.

ಯೋಗೀಶನ ಸಹನೆ ಮುಗಿಯಿತು. “ಆಂಟೀ, ಪಪ್ಪಾ ಗಿವ್ ಅಪ್ ಮಾಡಿಬಿಟ್ಟಿದ್ದಾರೆ. ಛೋಡ್ ದೋ, ಬಿಟ್ಟುಬಿಡಿ. ಟ್ಯೂಬ್ ಹಾಕಿಸುವ, ಕಮ್ ಸೆ ಕಮ್ ಜೀವ ಆದ್ರೂ ಉಳೀತದೆ” ಎಂದ. ಅಂದು ರೈಲಿನಲ್ಲಿ ವಾಪಸಾಗುವಾಗ ಠಾಣೆಯಲ್ಲಿ ಇಳಿದು ನೆರೂಳದ ಗಾಡಿ ಹಿಡಿದ ರತ್ನಾವತಿ, ಕಿಟಕಿಯ ಪಕ್ಕ ಸೀಟು ಸಿಕ್ಕರೂ ಹೊರಗೆ ನೋಡಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿದ್ದು ಸುಳ್ಳೇ ಎಂದು ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಭಾನುವಾರ ಅವಳು ಹೋದಾಗ ಮತ್ತೆ ಅದೇ ಮೇಜು, ಅದೇ ತಟ್ಟೆ. ಮೆತ್ತಗಿನ ಅನ್ನ, ಹೆಸರುಬೇಳೆ ತೋವೆ. ದೇಜಪ್ಪಣ್ಣ ತಟ್ಟೆ ತಳ್ಳಿದರು. ಈ ಸಲ ರತ್ನಾವತಿ ಅವರ ಮುಖ ನೋಡಲಿಲ್ಲ, ಕೈ ನೋಡಿದಳು. ಬೇಡದ ಊಟವನ್ನು ಜನ ಹೇಗೆ ತಳ್ಳುತ್ತಾರೆಂದು ಅವಳಿಗೆ ಗೊತ್ತು. ಎತ್ತಲೋ ಒಂದು ಕಡೆ ನೂಕಿಬಿಡುತ್ತಾರೆ. ಇವರು ನೂಕಲಿಲ್ಲ. ತಟ್ಟೆಯ ಅಂಚು ಹಿಡಿದು ಮೆಲ್ಲನೆ ಸರಿಸಿ, ಎದುರು ನಿಂತಿದ್ದ ಅವಳ ಮುಂದೆ ತಂದು, ತೋವೆಯ ಬಟ್ಟಲು ಅವಳ ಬಲಗಡೆಗೆ ಬರುವಂತೆ ತಿರುಗಿಸಿ ನಿಲ್ಲಿಸಿದರು. ಆಮೇಲೆ ತಲೆಯೆತ್ತಿ ಅವಳನ್ನು ನೋಡಿದರು.

ರತ್ನಾವತಿ ತಟ್ಟೆಯನ್ನೊಮ್ಮೆ ನೋಡಿ ವಿಮಲಕ್ಕನ ಕಡೆ ತಿರುಗಿದಳು.

“ವಿಮಲಕ್ಕ, ಹೊಟೇಲಿನಲ್ಲಿ ಅಣ್ಣ ಊಟ ಮಾಡ್ತಿದ್ದದ್ದು ಯಾವಾಗ?”

“ಅದೆಂತ ಕೇಳ್ತೀರಿ ಸಿಸ್ಟರ್. ಮಧ್ಯಾಹ್ನದ ಗಿರಾಕಿ ಎಲ್ಲ ಎದ್ದು ಹೋಗ್ಬೇಕು, ಕೆಲಸದವರದ್ದು ಆಗ್ಬೇಕು, ಆಮೇಲೆ ಇವರದ್ದು. ಗಿರಾಕಿ ಕೂತಿರುವಾಗ ಧಣಿ ಉಂಡರೆ ಅನ್ನಕ್ಕೆ ಅವಮಾನ ಅಂತ.”

“ರಜೆಯ ದಿನ, ಮನೆಯಲ್ಲಿ?”

“ಮನೆಯಲ್ಲೂ ಹಾಗೆಯೇ. ಮಕ್ಕಳಿಗೆ, ಬಂದವರಿಗೆ ಇವರೇ ಬಡಿಸುದು. ಎಲ್ಲರದ್ದು ಆದ ಮೇಲೆ ಇವರು. ಕೊನೆಗೆ ನಾನು.”

“ಈಗ ನೀವು ಉಂಡಿರಾ?”

“ಗಂಡ ಉಪವಾಸ ಇರುವಾಗ ನಾನು ಹೇಗೆ ಉಣ್ಣುದು ಮಾರಾಯ್ರೆ?”

ರತ್ನಾವತಿ ಕುರ್ಚಿ ಎಳೆದು ಕುಳಿತಳು. ಆಸ್ಪತ್ರೆಯಲ್ಲಿ ಇವರು ಉಣ್ಣುತ್ತಿದ್ದದ್ದು ಏಕೆಂದು ಈಗ ತಿಳಿಯಿತು. ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದವರ ತಟ್ಟೆ ಎತ್ತಿದ ಮೇಲೆ ಇವರು ತಮ್ಮದಕ್ಕೆ ಕೈ ಹಾಕಿರಬೇಕು. ಮನೆಯಲ್ಲಿ ಆದದ್ದೇ ಬೇರೆ. ಮಗ ಹೊಟೇಲಿನಲ್ಲಿ. ಹೆಂಡತಿ ಗಂಡ ಉಣ್ಣದೆ ಉಣ್ಣುವವಳಲ್ಲ. ಬಂದ ನರ್ಸಮ್ಮನಿಗೋ, ರೋಗಿಯ ಮನೆಯಲ್ಲಿ ಒಂದು ತುತ್ತೂ ಮುಟ್ಟುವುದಿಲ್ಲ ಎಂಬ ಶಿಸ್ತು. ವಿಮಲಕ್ಕ ದಿನಾ ಉಂಡು ಹೋಗಿ ಎಂದರೂ, ಇವಳು ದಿನಾ ಬೇಡ ಎಂದಿದ್ದಳು. ಒಬ್ಬರಿಗೊಬ್ಬರು ಕಾಯುತ್ತಾ ಮೂರು ಜನ ಮೂರು ಹಟದಲ್ಲಿ, ನಡುವೆ ಆರುತ್ತಿರುವ ಅನ್ನ! ಬಡಿಸುವುದೇ ಬದುಕಾಗಿದ್ದವರನ್ನು ಎಲ್ಲರೂ ಸೇರಿ ಮೊದಲ ಪಂಕ್ತಿಯ ಗಿರಾಕಿ ಮಾಡಿ ಕೂರಿಸಿದ್ದರು. ಅದೂ ಪ್ರೀತಿಯಿಂದ. ಹೊಟೇಲಿನವರ ಮನೆಯಲ್ಲದೆ ಬೇರೆಲ್ಲಿ ಇಂಥ ತಪ್ಪು ನಡೆದೀತು?

ರೋಗಿ ತನಗೆ ತಾನು ಏನು ಮಾಡಿಕೊಳ್ಳಬಲ್ಲ ಎಂದು ಅವಳು ಇಷ್ಟು ದಿನ ಹುಡುಕಿದ್ದಳು. ಬೇರೆಯವರಿಗೆ ಏನು ಮಾಡಬಲ್ಲ ಎಂದು ಕೇಳಿರಲಿಲ್ಲ. ಊರು ಆಚಾರ ತಿಳಿಯಬೇಕೆಂಬ ಇನ್ನೊಂದು ಪಾಠವನ್ನು, ತಾನೂ ಕಾರ್ಕಳದ ಕಡೆಯವಳೇ ಎಂಬ ಧೈರ್ಯದಲ್ಲಿ, ಕಪಾಟಿನಲ್ಲಿಯೇ ಬಿಟ್ಟುಬಂದಿದ್ದಳು.

“ವಿಮಲಕ್ಕ, ಇನ್ನೂ ಎರಡು ತಟ್ಟೆ ತನ್ನಿ. ಅನ್ನದ ಪಾತ್ರೆ, ತೋವೆ, ಸೌಟು ಇಲ್ಲಿ ಮೇಜಿಗೆ ಬರಲಿ. ನನಗೆ ಹಸಿವಾಗಿದೆ.”

“ನಿಮಗೆ ಬಡಿಸ್ತೇನೆ.”

“ನೀವಲ್ಲ, ಅಣ್ಣ ಬಡಿಸ್ತಾರೆ. ನೀವೂ ಕೂತ್ಕೊಳ್ಳಿ.”

ವಿಮಲಕ್ಕ ತಟ್ಟೆ ತಂದರು, ಆದರೆ ಕೂರಲಿಲ್ಲ. “ಇವರಿಗಿಂತ ಮೊದಲು ನಾನು ಉಣ್ಣುದಾ? ಮದುವೆಯಾದ ಮೇಲೆ ಒಂದು ದಿನವೂ ಹಾಗೆ ಮಾಡಿದವಳಲ್ಲ ನಾನು.”

“ನಾನೂ ರೋಗಿಯ ಮನೆಯಲ್ಲಿ ಉಂಡವಳಲ್ಲ ಅಕ್ಕ. ಇವತ್ತು ಇಬ್ಬರೂ ಸ್ವಲ್ಪ ಬಿಡುವ. ಇಲ್ಲದಿದ್ದರೆ ನಾಳೆ ನಳಿಗೆ.”

ವಿಮಲಕ್ಕ ಗಂಡನ ಮುಖ ನೋಡಿದರು, ಕುರ್ಚಿಯ ತುದಿಯಲ್ಲಿ ಕುಳಿತರು. ರತ್ನಾವತಿ ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದೇಜಪ್ಪಣ್ಣನ ಬಲಗೈಗೆ ಕೊಟ್ಟಳು. ಮೊಣಕೈಗೆ ಆಸರೆ ಕೊಡಲು ಹೋದರೆ ಅವರು ಕೈ ಎಳೆದುಕೊಂಡರು. ಎಡಗೈಯನ್ನು ಬಲಗೈಯ ಕೆಳಗೆ ತಾವೇ ಕೊಟ್ಟು ಸೌಟು ಎತ್ತಿದರು. ತೋವೆ ಅರ್ಧ ಮೇಜಿನ ಮೇಲೆ ಚೆಲ್ಲಿತು, ಅರ್ಧ ಅವಳ ಅನ್ನದ ಮೇಲೆ ಬಿತ್ತು. ಅವಳು ಉಂಡಳು, ಮತ್ತೆ ತಟ್ಟೆ ಚಾಚಿದಳು. “ಅಣ್ಣ, ಇನ್ನು ಸ್ವಲ್ಪ.” ಆ ಮುಖದಲ್ಲಿ ಅಷ್ಟು ದಿನ ಇಲ್ಲದ ಅವಸರ ಕಂಡಿತು, ಮಧ್ಯಾಹ್ನದ ರಶ್ಶಿನಲ್ಲಿ ಹೊಟೇಲಿನವರಿಗೆ ಇರುತ್ತದಲ್ಲ, ಅಂಥದ್ದು.

ಆಮೇಲೆ ಅವರು ಹೆಂಡತಿಯ ತಟ್ಟೆಗೆ ಬಡಿಸಿದರು. ವಿಮಲಕ್ಕ ತಲೆ ತಗ್ಗಿಸಿ ಉಂಡರು. ಕಣ್ಣೀರು ಅನ್ನಕ್ಕೆ ಬೀಳುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ. ಕೊನೆಯ ತುತ್ತು ಮುಗಿಯುವ ತನಕ ದೇಜಪ್ಪಣ್ಣ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ.

ಎರಡೂ ತಟ್ಟೆ ಖಾಲಿಯಾದವು. ದೇಜಪ್ಪಣ್ಣ ಮೇಜನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದರು. ಮೂರನೆಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ತಾವೇ ಬಡಿಸಿಕೊಂಡು, ಚಮಚ ಹಿಡಿದರು. ರತ್ನಾವತಿ ಗದ್ದ ಸ್ವಲ್ಪ ತಗ್ಗಿಸಲು ಹೇಳಿದಳು, ಅಷ್ಟೇ. ಮೊದಲ ತುತ್ತು ಗದ್ದಕ್ಕೆ ಹೋಯಿತು, ಎರಡನೆಯದು ಬಾಯಿಗೆ ಹೋಯಿತು.

ಮರುದಿನ ಡಾಕ್ಟರಿಗೆ ಯೋಗೀಶ್ ಫೋನಿನಲ್ಲಿ ಎಲ್ಲ ಹೇಳಿದ. ಹಾಗಾದರೆ ಸದ್ಯಕ್ಕೆ ನಳಿಗೆ ಬೇಡ, ತೂಕ ನೋಡುತ್ತಿರೋಣ ಎಂದರು ಅವರು. ಅಂದಿನಿಂದ ಹೊಟೇಲಿನ ಹುಡುಗರು ಸರದಿಯ ಮೇಲೆ ಒಬ್ಬೊಬ್ಬರಾಗಿ ಮಧ್ಯಾಹ್ನ ದೇಜಪ್ಪಣ್ಣನ ಮನೆಗೆ ಉಣ್ಣಲು ಬರುತ್ತಾರೆ. ನೆರೂಳದ ಕ್ಲಾಸಿನಲ್ಲಿ ರತ್ನಾವತಿ ಪುಸ್ತಕದ ಆ ಮೂರು ಮೆಟ್ಟಿಲುಗಳನ್ನು ಹೇಳಿ, ತನ್ನದೊಂದು ಸೇರಿಸುತ್ತಾಳೆ: ರೋಗಿ ನಿಮಗೆ ಏನಾದರೂ ಕೊಡಲು ಬಂದರೆ ತಗೊಳ್ಳಿ. ಪರೀಕ್ಷೆಯಲ್ಲಿ ಬರೆದರೆ ಮಾರ್ಕು ಸಿಗುವುದಿಲ್ಲ ಎಂದೂ ಎಚ್ಚರಿಸುತ್ತಾಳೆ.

ಆದರೆ ಆ ಭಾನುವಾರ ಇದ್ಯಾವುದೂ ಅವಳ ತಲೆಯಲ್ಲಿರಲಿಲ್ಲ. ಮೂರನೆಯ ತುತ್ತು ಅರ್ಧ ದಾರಿಯಲ್ಲಿ ಜಾರಿ ಅಂಗಿಯ ಮೇಲೆ ಬಿದ್ದಾಗ ವಿಮಲಕ್ಕ ಗಡಬಡಿಸಿ ಕೈಚಾಚಿದರು. ರತ್ನಾವತಿ ಅವರ ಮಣಿಕಟ್ಟು ಹಿಡಿದಳು. ದೇಜಪ್ಪಣ್ಣ ಬಿದ್ದ ಅನ್ನವನ್ನು ಎಡಗೈಯಿಂದ ಒರೆಸಿಕೊಂಡು, ಚಮಚವನ್ನು ಮತ್ತೆ ತಟ್ಟೆಗೆ ಅದ್ದಿದರು. ರತ್ನಾವತಿ ಎದ್ದು ಹಿಂದೆ ಸರಿದು ಕೈಕಟ್ಟಿ ನಿಂತಳು. ಸ್ವಲ್ಪ ಹೊತ್ತಿಗೆ ವಿಮಲಕ್ಕನೂ ಬಂದು ಪಕ್ಕದಲ್ಲಿ ನಿಂತರು. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಸೆರಗು ಮುಟ್ಟಿದರು, ಬಳೆ ಮುಟ್ಟಿದರು, ಕೊನೆಗೆ ಅವರೂ ಎದೆಯ ಮೇಲೆ ಕೈಕಟ್ಟಿಕೊಂಡರು.