ಯುದ್ಧದ ರೀಲಿನಲ್ಲಿ ನಕ್ಕ ಹುಡುಗ

೧೯೭೨ರಲ್ಲಿ ನಾನು ಗುಲಬರ್ಗಾ ಜಿಲ್ಲೆಯಲ್ಲಿ ಸರ್ಕಾರಿ ಪ್ರಚಾರ ವ್ಯಾನಿನ ಪ್ರೊಜೆಕ್ಟರ್ ಆಪರೇಟರ್ ಆಗಿದ್ದೆ. ಚಿತ್ತಾಪುರ, ಸೇಡಂ, ಚಿಂಚೋಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಪರದೆ ಕಟ್ಟಿ ಚಿತ್ರ ತೋರಿಸುವುದು ನನ್ನ ಕೆಲಸ. ಗೊಬ್ಬರ, ಸಿಡುಬು, ಕುಟುಂಬ ಯೋಜನೆ ಎಂದರೆ ಜನ ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಹಿಂದಿನ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧ ಮುಗಿದಿತ್ತು. ಅದರ ನ್ಯೂಸ್‌ರೀಲ್ ಬಂದದ್ದೇ ತಡ, ಕೂರಲು ಜಾಗ ಸಾಲದಾಯಿತು. ಟ್ಯಾಂಕು, ವಿಮಾನ, ನೆಲಕ್ಕುರುಳಿದ ಶತ್ರುಗಳು, ಕೊನೆಗೆ ನಗುತ್ತಾ ಲಾರಿ ಏರುವ ನಮ್ಮ ಸೈನಿಕರು.

ತೆಂಗಳಿ ಎಂಬ ಹಳ್ಳಿಯಲ್ಲಿ ಆ ಲಾರಿ ಕಂಡೊಡನೆ ಒಬ್ಬ ಹೆಂಗಸು ಎದ್ದು ಬಂದು ಪರದೆಯ ಮೇಲೆ ತಿರುಗಿ ನಗುತ್ತಿದ್ದ ಹುಡುಗನ ಮುಖಕ್ಕೇ ಕೈ ಹಚ್ಚಿದಳು.

"ನಮ್ಮ ಶಿವಪುತ್ರ ರೀ! ನಿಲ್ಲಸ್ರಿ ಯಣ್ಣಾ, ಅಲ್ಲೇ ನಿಲ್ಲಸ್ರಿ!"

ಆ ಮಷೀನಿನಲ್ಲಿ ಚಿತ್ರವನ್ನು ನಿಲ್ಲಿಸುವಂತಿರಲಿಲ್ಲ. ದೀಪದ ಕಾವಿಗೆ ಫಿಲ್ಮು ಸುಟ್ಟುಹೋಗುತ್ತದೆ. ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ತೋರಿಸಿದೆ. ಆಕೆ ಅಳುತ್ತಲೇ ನಕ್ಕಳು. ಹೆಸರು ಗುರುಬಾಯಿ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ತಾನೇ ಬೆಳೆಸಿದವಳು. ಅವನು ಎರಡು ವರ್ಷದ ಕೆಳಗೆ ವಾಡಿಯಲ್ಲಿ ರೈಲು ಹತ್ತಿ ಸೈನ್ಯಕ್ಕೆ ಸೇರಿದ್ದ. ಯುದ್ಧ ಶುರುವಾದಾಗಿನಿಂದ ಅವನ ಕಾಗದ ಬಂದಿರಲಿಲ್ಲ.

ಊರೆಲ್ಲ ಹಿಗ್ಗಿತು. ನನಗೆ ಮಾತ್ರ ಹಿಗ್ಗಲಾಗಲಿಲ್ಲ. ಅದೇ ಲಾರಿ, ಅದೇ ನಗು ನಮ್ಮ ಹಳೆಯದೊಂದು ನೆರೆ ಪರಿಹಾರದ ಚಿತ್ರದಲ್ಲೂ ಇತ್ತು. ಶಿವಪುತ್ರ ಸೈನ್ಯ ಸೇರುವ ಮೊದಲೇ ನಾನದನ್ನು ಎಷ್ಟೋ ಸಲ ಓಡಿಸಿದ್ದೆ. ಹೊಸ ಚಿತ್ರಕ್ಕೆ ಹೀಗೆ ಹಳೆಯ ತುಣುಕು ಅಂಟಿಸುವುದಕ್ಕೆ ಸ್ಟಾಕ್ ಶಾಟ್ ಎನ್ನುತ್ತಾರೆ. ವ್ಯಾನಿನ ಜೊತೆ ಬರುತ್ತಿದ್ದ ನಮ್ಮ ಸಾಹೇಬರಿಗೆ ಹೇಳಿದೆ.

"ಜನಕ್ಕೆ ಧೈರ್ಯ ಬರ್ಲಿ ಅಂತ ತೋರಿಸೋದಪ್ಪ. ನೀನು ಬಾಯಿ ಮುಚ್ಕೊಂಡು ಮಷೀನ್ ನೋಡ್ಕೊ" ಎಂದರು. ಮೈಯೆಲ್ಲ ಉರಿಯಿತು. ಆದರೂ ರೀಲು ಸುತ್ತಿ ಪೆಟ್ಟಿಗೆಗಿಟ್ಟೆ.

ಮುಂದಿನ ವಾರ ಚಂದಾಪುರದಲ್ಲಿ ಪರದೆ ಕಟ್ಟುತ್ತಿದ್ದಾಗ ಗುರುಬಾಯಿ ಬಸ್ಸಿಳಿದು ಬಂದಳು. ಕಾಗದ ಇನ್ನೂ ಬಂದಿರಲಿಲ್ಲ.

"ಯಣ್ಣಾ, ಇವತ್ತು ನಮ್ಮ ಕಡೆ ಬಿದ್ದವರ ರೀಲೂ ಹಾಕ್ರಿ. ಅದರಾಗ ನಮ್ಮವ ಇಲ್ಲಂತ ಒಮ್ಮೆ ನೋಡ್ಕೊಂಡು ಮನಿಗಿ ಹೋಗ್ತೀನಿ."

"ಅಂಥ ರೀಲ್ ಇಲ್ಲ ಯಕ್ಕಾ."

"ಯಾಕ್ರಿ? ನಮ್ಮವ್ರು ಯಾರೂ ಬಿದ್ದಿಲ್ಲೇನು?"

ಸಾಹೇಬರು ಪಕ್ಕದಲ್ಲೇ ಇದ್ದರು. ಗಡಿಯಾರ ನೋಡಿಕೊಂಡರು. ಆಗ ನನಗೆ ತಡೆಯಲಾಗಲಿಲ್ಲ. ಲಾರಿಯ ಚಿತ್ರ ಹಳೆಯದೆಂದೂ ಆ ಹುಡುಗ ಅವಳ ತಮ್ಮನಲ್ಲವೆಂದೂ ಬಿಡಿಸಿ ಹೇಳಿದೆ. ಆಕೆ ಅರ್ಧ ಕಟ್ಟಿದ ಪರದೆಯತ್ತ ನೋಡಿ ಕೇಳಿದಳು:

"ಹಂಗಾರ ಇಂವ ಯಾರ ತಮ್ಮ ರೀ?"

ನನಗೆ ಗೊತ್ತಿರಲಿಲ್ಲ. ಸಾಹೇಬರಿಗೂ ಗೊತ್ತಿರಲಿಲ್ಲ. ಅವರಿಗೆ ತಿಳಿದಿದ್ದದ್ದು ನನ್ನನ್ನು ಬೈಯುವುದೊಂದೇ, ಆ ಕೆಲಸವನ್ನು ಚೆನ್ನಾಗಿಯೇ ಮಾಡಿದರು.

ಮಳೆಗಾಲದಲ್ಲಿ ಸುದ್ದಿ ಬಂತು. ಶಿವಪುತ್ರ ಯುದ್ಧದಲ್ಲೇ ತೀರಿಕೊಂಡಿದ್ದ, ಹೆಣದ ಗುರುತು ಹತ್ತಲು ಇಷ್ಟು ದಿನ ಹಿಡಿದಿತ್ತಂತೆ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ ಎಂದು ಕೇಳಿ ನನಗೆ ಬಹಳ ಸಂಕಟವಾಯಿತು. ಅಷ್ಟು ಫಿಲ್ಮು ಸುತ್ತಿಟ್ಟುಕೊಂಡು ತಿರುಗುವ ನನ್ನ ಬಳಿಯೂ ಅವನಿರಲಿಲ್ಲ.

ಅಂದಿನಿಂದ ಯುದ್ಧದ ಚಿತ್ರ ಹಾಕುವ ಮೊದಲು ಮೈಕಿನಲ್ಲಿ ಹೇಳುತ್ತಿದ್ದೆ: "ಇದರಾಗ ಕೆಲವು ಹಳೇ ಚಿತ್ರ ಅವ. ನಡೆದದ್ದೆಲ್ಲಾ ಇದರಾಗಿಲ್ಲ." ಸಾಹೇಬರು ಮುಖ ಗಂಟಿಕ್ಕಿದರೂ ಬಿಡಲಿಲ್ಲ. ನೂರು ಜನ ಗೆಲುವನ್ನು ನೋಡಲು ಕೂತಿದ್ದರೆ, ಅವರ ನಡುವೆ ಒಬ್ಬರು ಒಂದೇ ಮುಖ ಹುಡುಕುತ್ತಿರುತ್ತಾರೆ. ಮಷೀನು ಆ ಒಬ್ಬರಿಗಾಗಿ ಓಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಮರುವರ್ಷ ಸಿಡುಬಿನ ಚಿತ್ರ ಹಿಡಿದು ತೆಂಗಳಿಗೆ ಹೋದೆ. ಗುರುಬಾಯಿ ಎಲ್ಲರಿಗಿಂತ ಮುಂದೆ ಬಂದು ಕುಳಿತಳು.

"ಆ ನಗೋ ಹುಡುಗಂದು ತಂದಿಲ್ಲೇನ್ರಿ?"

ಪೆಟ್ಟಿಗೆಯಲ್ಲಿತ್ತು. ಸಿಡುಬನ್ನು ಬದಿಗಿಟ್ಟು ಅದನ್ನೇ ಹಾಕಿದೆ. ಲಾರಿ ಬಂತು, ಹುಡುಗ ತಿರುಗಿ ನಕ್ಕ, ಲಾರಿ ಹೋಯಿತು. ಗುರುಬಾಯಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು:

"ಇವನಾದ್ರೂ ಮನಿ ಮುಟ್ಟಿರಬೇಕು, ಹೌದಿಲ್ರಿ?"