ಹೋಟೆಲಿನಣ್ಣ ಆಡದೇ ಹೋದ ಮಾತು

ಮೊನ್ನೆ ಮಂಗಳೂರಿನಲ್ಲಿ ಒಂದು ಹೋಟೆಲಿನ ಮುಂದೆ ಹಾದುಹೋಗುವಾಗ ಆಗಷ್ಟೇ ಬಾಣಲೆಯಿಂದ ತೆಗೆದ ಬನ್ಸಿನ ವಾಸನೆ ಬಂತು. ಕಳಿತ ಬಾಳೆಹಣ್ಣು, ಜೀರಿಗೆ, ಬಿಸಿ ಎಣ್ಣೆ... ಕಾಲು ತಾನಾಗಿ ನಿಂತಿತು. ಒಳಗೆ ಹೋಗಲು ಮಾತ್ರ ಮನಸ್ಸಾಗಲಿಲ್ಲ. ಅಂಥದೇ ಬನ್ಸು ಮಾಡುತ್ತಿದ್ದವರೊಬ್ಬರು ನಮ್ಮ ನೆರೆಯಲ್ಲಿದ್ದರು. ಊರಿಗೆಲ್ಲ ಅವರು ಹೋಟೆಲಿನಣ್ಣ.

ಗಡಿಯಾಚೆ ಕುಂಬಳೆಯಿಂದ ಸ್ವಲ್ಪ ದಕ್ಷಿಣಕ್ಕೆ, ಕಡಲ ಬದಿಯ ವಿದ್ಯುತ್ ಸ್ಥಾವರದ ಗೇಟಿನೆದುರು ಅವರ ಹೋಟೆಲು. ಸ್ಥಾವರ ನಾಫ್ತಾ ಎಂಬ ಇಂಧನದಲ್ಲಿ ನಡೆಯುತ್ತಿದ್ದಾಗ ಶಿಫ್ಟು ಮುಗಿಸಿ ಬಂದವರಿಗೆಲ್ಲ ಅಲ್ಲೇ ಊಟ. ನಾಫ್ತಾ ದುಬಾರಿಯಾಗಿ ಸ್ಥಾವರ ನಿಂತ ಮೇಲೆ ಬೆಂಚುಗಳು ಖಾಲಿಯಾದವು. ಬಸ್ಸಿಗೆ ಕಾಯುವ ಕೆಲವರು, ಹತ್ತಿರದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು, ಇಷ್ಟೇ ಗಿರಾಕಿಗಳು. ಆದರೂ ಅವರು ಬೆಳಿಗ್ಗೆ ಊದುಬತ್ತಿ ಹಚ್ಚಿ, ಗೇಟಿನ ಕಡೆ ಒಮ್ಮೆ ನೋಡಿಯೇ ಒಲೆ ಉರಿಸುತ್ತಿದ್ದರು.

ಹಾಗಿರುವಾಗ ಕಂಪೆನಿ ಆ ಸ್ಥಾವರವನ್ನು ನೈಸರ್ಗಿಕ ಅನಿಲಕ್ಕೆ ಬದಲಿಸಿ ದೊಡ್ಡದು ಮಾಡಲು ಸರಕಾರದ ಅನುಮತಿ ಕೇಳಿತು. ಅನುಮತಿಗೆ ಮೊದಲು ಊರಿನವರ ಅಹವಾಲು ಕೇಳುವ ಸಭೆ ಆಗಬೇಕು. ಯಂತ್ರ ತಣಿಸಿದ ಬಿಸಿನೀರನ್ನು ಹಾಗೆಯೇ ಕಡಲಿಗೆ ಬಿಡುತ್ತಾರೆಂದು ಕಂಪೆನಿ ಕೊಟ್ಟ ಪರಿಸರ ವರದಿಯಲ್ಲಿತ್ತು. ನನ್ನ ಶಾಲೆಯ ಅರ್ಧದಷ್ಟು ಮಕ್ಕಳ ಅಪ್ಪಂದಿರು ಆ ಕಡಲಲ್ಲೇ ಬಲೆ ಬೀಸುವವರು. ನೀರು ಬಿಸಿಯಾದರೆ ಮೀನು ದೂರ ಹೋಗುತ್ತದೆಂಬ ಭಯ ಅವರಿಗೆ. ಅವರು ಕಟ್ಟಿದ ಸಮಿತಿಗೆ ಓದು ಬರಹ ಬಲ್ಲವಳೆಂದು ನಾನೂ ಸೇರಿದೆ. ವರದಿಯ ಸಾರಾಂಶ ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ ಇತ್ತು, ಕನ್ನಡದಲ್ಲಿ ಇರಲಿಲ್ಲ. ಕನ್ನಡದವರು ಇಷ್ಟಿರುವ ಊರಿನಲ್ಲಿ ಅದು ತಪ್ಪು. ಸಭೆಯನ್ನು ನಿಲ್ಲಿಸಲು ಆ ಒಂದು ಅಂಶ ಸಾಕೆಂದು ಕಂಡುಹಿಡಿದವಳು ನಾನೇ.

ಸಭೆಯ ಹಿಂದಿನ ಸಂಜೆ ಚಾ ಕುಡಿಯಲು ಹೋದಾಗ ಅಣ್ಣ ನನ್ನೆದುರು ಬಂದು ಕೂತರು.

"ಟೀಚರ್, ನಾಳೆ ನಾನೂ ಮಾತಾಡ್ಬೇಕು ಅಂತ ಉಂಟು. ಹೆಸರು ಕೊಟ್ಟಾಯ್ತು. ಆದ್ರೆ ಮಲಯಾಳ ನನಗೆ ಅಷ್ಟು ಸರಿ ಬರುದಿಲ್ಲ. ಎಂತ ಮಾಡುದು?"

"ಕನ್ನಡದಲ್ಲೇ ಹೇಳಿ ಅಣ್ಣ. ಅದು ನಿಮ್ಮ ಹಕ್ಕು," ಎಂದೆ.

ಅವರ ಮುಖ ಅರಳಿತು. ನೀವು ಅತ್ಲಾಗಿ, ಸ್ಥಾವರ ಬೇಕೆನ್ನುವ ನಾನು ಇತ್ಲಾಗಿ ಎಂದು ನಕ್ಕರು. ನಾಳೆ ಅದೇ ಹಕ್ಕಿನ ಹೆಸರಿನಲ್ಲಿ ನಾನು ಏಳಲಿದ್ದೇನೆ, ಅವರ ಸರದಿ ಬರುವುದೇ ಇಲ್ಲ ಎಂದು ಆಗಲೇ ಹೇಳಬಹುದಿತ್ತು. ಚಾ ಮುಗಿಸಿ ಎದ್ದೆ.

ಮರುದಿನ ಪಂಚಾಯತು ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪೆನಿಯ ವಿವರಣೆ ಮುಗಿಯುತ್ತಲೇ ನಾನೆದ್ದು, ಓದಲಾಗದ ವರದಿಯ ಮೇಲೆ ಜನ ಅಭಿಪ್ರಾಯ ಹೇಳುವುದು ಹೇಗೆಂದು ಕೇಳಿದೆ. ಹಿಂದಿನಿಂದ ಕೂಗೆದ್ದಿತು. ಅಧಿಕಾರಿಗಳು ತಮ್ಮೊಳಗೆ ಮಾತಾಡಿಕೊಂಡು, ಕನ್ನಡ ಸಾರಾಂಶ ಕೊಟ್ಟು ಮತ್ತೆ ಸಭೆ ಕರೆಯುತ್ತೇವೆ ಎಂದರು. ಚಪ್ಪಾಳೆ... ಯಾರೋ ನನ್ನ ಕೈ ಕುಲುಕಿದರು. ಆಗ ಅಣ್ಣ ಕಂಡರು. ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡು ಮೈಕಿನ ಹತ್ತಿರವೇ ನಿಂತಿದ್ದರು. ಒಬ್ಬ ಹುಡುಗ ಆ ಮೈಕಿನ ವಯರು ಸುತ್ತುತ್ತಿದ್ದ.

ಬಾಗಿಲಲ್ಲಿ ಸಿಕ್ಕಾಗ, "ಒಳ್ಳೆ ಮಾತಾಡಿದ್ರಿ ಟೀಚರ್. ಇನ್ನು ಯಾವಾಗ?" ಎಂದು ಕೇಳಿದರು.

"ಸ್ವಲ್ಪ ತಿಂಗಳು ಅಷ್ಟೇ ಅಣ್ಣ," ಎಂದೆ.

ತಿಂಗಳುಗಳು ವರ್ಷಗಳಾದವು. ಫೈಲು ತಿರುವನಂತಪುರಕ್ಕೂ ದೆಹಲಿಗೂ ಓಡಾಡಿತು. ಹೋಟೆಲು ಮುಚ್ಚಿತು. ಅಣ್ಣ ಇಳಿಪ್ರಾಯದಲ್ಲಿ ಕುಂಜತ್ತೂರಿನ ಹೈವೇ ಬದಿಯ ಹೋಟೆಲಿಗೆ ಅಡುಗೆಗೆ ಸೇರಿದರು. ತಮ್ಮ ಒಲೆಯೆದುರು ಯಾರಿಗೂ ತಲೆ ತಗ್ಗಿಸದವರು ಅಲ್ಲಿ ಬೇರೆಯವರ ಮಾತು ಕೇಳಿಕೊಂಡಿದ್ದರಂತೆ. ಒಂದು ಬೆಳಿಗ್ಗೆ ಹಿಟ್ಟು ಕಲಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಪಾಠ ಮುಗಿಸಿಯೇ ಹೋದೆ. ಯಾಕೆ ಹಾಗೆ ಮಾಡಿದೆನೋ...

ಎರಡನೆಯ ಸಭೆ ನಡೆದದ್ದು ಅವರು ಹೋದ ಮೇಲೆ. ಕನ್ನಡ ಸಾರಾಂಶ ಓದಿಕೊಂಡ ಬಲೆಯವರು ಅಲ್ಲಿ ಬಿಸಿನೀರಿನ ಮಾತೆತ್ತಿದರು. ಈಗ ಅನುಮತಿಯೂ ಸಿಕ್ಕಿದೆ, ನೀರನ್ನು ತಣಿಸಿಯೇ ಕಡಲಿಗೆ ಬಿಡಬೇಕೆಂಬ ಷರತ್ತಿನೊಂದಿಗೆ. ಬಲೆಯವರು ಇಂದಿಗೂ ಆ ಷರತ್ತು ನನ್ನಿಂದ ಬಂತೆನ್ನುತ್ತಾರೆ. ಅದು ಸುಳ್ಳಲ್ಲ. ಅಂದು ಸಭೆ ನಿಲ್ಲದಿದ್ದರೆ ಬಿಸಿನೀರು ನೇರ ಕಡಲಿಗೇ ಹೋಗುತ್ತಿತ್ತು. ಇಷ್ಟು ಗೊತ್ತಿದ್ದೂ ಸಮಾಧಾನ ಮಾತ್ರ ಇಲ್ಲ.

ಮಂಗಳೂರಿನಿಂದ ಬಂದ ಮರುದಿನ ಅಣ್ಣನ ಹೆಂಡತಿಯನ್ನು ನೋಡಲು ಹೋದೆ. ಅಣ್ಣನಿಗೆ ನನ್ನ ಮೇಲೆ ಸಿಟ್ಟಿತ್ತಾ ಅಕ್ಕ, ಎಂದು ಕೊನೆಗೂ ಕೇಳಿದೆ.

"ಸಿಟ್ಟೆಲ್ಲ ಇರ್ಲಿಲ್ಲ ಟೀಚರ್," ಎಂದರು ಅಕ್ಕ. "ಒಂದು ಮಾತ್ರ ಹೇಳ್ತಿದ್ರು, ನನ್ನನ್ನು ಮಾತಾಡ್ಲಿಕ್ಕೆ ಬಿಟ್ಟು ಮತ್ತೆ ಸಭೆ ನಿಲ್ಲಿಸಿದ್ರೂ ಆಗ್ತಿತ್ತು ಅಂತ."

ಅವರು ಏನು ಹೇಳಬೇಕೆಂದಿದ್ದರು ಎಂದು ಕೇಳಿದೆ. ಅಕ್ಕನಿಗೂ ಗೊತ್ತಿರಲಿಲ್ಲ.